ಮಲೆನಾಡಿನ ಹಳೆಯ ರಾಜಧಾನಿಗಳಲ್ಲಿ ಕಥೋಲಿಕ ಚರಿತ್ರೆ: ವಿದ್ಯಾರ್ಥಿಗಳಿಗೊಂದು ಪ್ರವಾಸ ಮಾರ್ಗ

ಕೆಳದಿ ಅರಸರು ಒಂದಾದ ಮೇಲೊಂದರಂತೆ ರಾಜಧಾನಿ ಮಾಡಿಕೊಂಡ ಮೂರು ಊರುಗಳಲ್ಲಿ ಕೆಳದಿ ಮತ್ತು ಇಕ್ಕೇರಿ ಸಾಗರ ತಾಲ್ಲೂಕಿನಲ್ಲಿವೆ. ಮೂರನೆಯದಾದ ಬಿದನೂರು, ಅಂದರೆ ಇಂದಿನ ನಗರ, ಹೊಸನಗರ ತಾಲ್ಲೂಕಿಗೆ ಸೇರಿದೆ. ಈ ಊರುಗಳಿಗೆ ಬೆಂಗಾವಲಾಗಿದ್ದ ಕವಲೇದುರ್ಗ ತೀರ್ಥಹಳ್ಳಿ ತಾಲ್ಲೂಕಿನ ಬೆಟ್ಟದ ಮೇಲಿದೆ. 1499ರ ಸುಮಾರಿಗೆ ಚೌಡಪ್ಪ ನಾಯಕನಿಂದ ಮೊದಲಾದ ಈ ಮನೆತನ 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿಯುವವರೆಗೆ ಆಳಿತು. ಆಳ್ವಿಕೆ ಉಚ್ಛ್ರಾಯದಲ್ಲಿದ್ದಾಗ ಘಟ್ಟದ ಕೆಳಗೆ ಹೊನ್ನಾವರದಿಂದ ಬೇಕಲದವರೆಗಿನ ಕರಾವಳಿಯೂ ಅದರ ಕೈಯಲ್ಲಿತ್ತು.

ಕರ್ನಾಟಕದ ಕಥೋಲಿಕ ಕ್ರೈಸ್ತರ ಚರಿತ್ರೆ ಎಂದೊಡನೆ ಮಂಗಳೂರು, ಹೊನ್ನಾವರ, ಗಂಗೊಳ್ಳಿಗಳ ಇಗರ್ಜಿಗಳು ನೆನಪಾಗುತ್ತವೆ. ಶಾಲಾ ಕಾಲೇಜುಗಳ ಪ್ರವಾಸಗಳೂ ಅಲ್ಲಿಗೇ ಹೋಗುತ್ತವೆ. ಆದರೆ 17 ಮತ್ತು 18ನೆಯ ಶತಮಾನಗಳಲ್ಲಿ ಆ ಇಗರ್ಜಿಗಳಿಗೆ ಜಾಗ ಕೊಡಬೇಕೇ, ಗೋವೆಯಿಂದ ಬಂದ ಒಕ್ಕಲನ್ನು ನೆಲೆಗೊಳಿಸಬೇಕೇ, ಪೋರ್ಚುಗೀಸರ ಪಾದ್ರಿಗಳಿಗೆ ಎಷ್ಟು ಅಧಿಕಾರ ಇರಬೇಕು ಎಂಬುದೆಲ್ಲ ತೀರ್ಮಾನವಾಗುತ್ತಿದ್ದದ್ದು ಘಟ್ಟದ ಮೇಲಿನ ಅರಮನೆಗಳಲ್ಲಿ. ಇಕ್ಕೇರಿಯನ್ನೂ ನಗರವನ್ನೂ ನೋಡದೆ ಕರಾವಳಿಯ ಇಗರ್ಜಿಗಳನ್ನು ಮಾತ್ರ ನೋಡಿ ಬರುವ ವಿದ್ಯಾರ್ಥಿಗೆ ಈ ಚರಿತ್ರೆಯ ಅರ್ಧವಷ್ಟೇ ಸಿಗುತ್ತದೆ. ಉಳಿದರ್ಧವನ್ನು ಮೂರು ದಿನಗಳಲ್ಲಿ ಕಾಣಿಸಬಲ್ಲ ಮಾರ್ಗ ಇದು. ಪ್ರೌಢಶಾಲೆಯ ಮೇಲಿನ ತರಗತಿಗಳಿಗೂ ಕಾಲೇಜುಗಳಿಗೂ ಇದು ಹೊಂದುತ್ತದೆ.

ಈ ರಾಜಧಾನಿಗಳಲ್ಲಿ ಆ ಕಾಲದ ಹಳೆಯ ಇಗರ್ಜಿಯನ್ನು ಹುಡುಕಿಕೊಂಡು ಹೋಗಬಾರದು. ಇಲ್ಲಿ ಕಾಣಿಸುವುದು ದೇವಸ್ಥಾನ, ಕೋಟೆ, ಕೊಳ, ಅರಮನೆಯ ಅಡಿಪಾಯ. ಅವುಗಳ ನಡುವೆ ನಿಂತು ಪತ್ರಗಳನ್ನೂ ಒಪ್ಪಂದಗಳನ್ನೂ ಓದಿಕೊಳ್ಳಬೇಕಾಗುತ್ತದೆ. ಆದ್ದರಿಂದ ಹೊರಡುವ ಮೊದಲು ಓದಿನ ತಯಾರಿ ಇಲ್ಲದಿದ್ದರೆ ಪ್ರವಾಸ ಬರೀ ಸುತ್ತಾಟವಾಗುತ್ತದೆ.

ಹೊರಡುವ ಮುನ್ನ

ತರಗತಿಯಲ್ಲಿ ಮೊದಲು ಓದಬೇಕಾದದ್ದು ಪಿಯೆತ್ರೊ ದೆಲ್ಲಾ ವಾಲ್ಲೆಯ ಪತ್ರಗಳನ್ನು. 1586ರಲ್ಲಿ ರೋಮ್‌ನ ಶ್ರೀಮಂತ ಮನೆತನದಲ್ಲಿ ಹುಟ್ಟಿದ ಈತ ಜೆರುಸಲೇಮಿನ ಯಾತ್ರೆಗೆಂದು ಹೊರಟವನು, ಪರ್ಷಿಯಾ ದಾಟಿ 1623ರಲ್ಲಿ ಭಾರತಕ್ಕೆ ಬಂದ. ದಾರಿಯಲ್ಲಿ ಬಾಗ್ದಾದಿನಲ್ಲಿ ಮದುವೆಯಾದ ಮಾನಿ ಎಂಬ ಕ್ರೈಸ್ತ ತರುಣಿ ಪರ್ಷಿಯಾದಲ್ಲಿ ತೀರಿಕೊಂಡಾಗ ಆಕೆಯ ದೇಹವನ್ನು ಪೆಟ್ಟಿಗೆಯಲ್ಲಿಟ್ಟು ಭಾರತಕ್ಕೂ ತಂದ. ರೋಮ್‌ನ ತನ್ನ ಮನೆತನದ ಸಮಾಧಿಯಲ್ಲಿ ಅದನ್ನು ಕೊನೆಗೆ ಇರಿಸಿದ. ಇಂಥ ನಿಷ್ಠೆಯ ಕಥೋಲಿಕನೊಬ್ಬ 1623ರ ಅಕ್ಟೋಬರಿನಲ್ಲಿ ಗೋವೆಯಿಂದ ಹೊರಟ ಪೋರ್ಚುಗೀಸ್ ರಾಯಭಾರದ ಜೊತೆ ಹೊನ್ನಾವರ, ಗೇರುಸೊಪ್ಪೆಗಳ ಮೂಲಕ ಘಟ್ಟ ಹತ್ತಿ ಇಕ್ಕೇರಿಗೆ ಬಂದ. ನವೆಂಬರಿನ ಕೆಲವು ವಾರ ಅಲ್ಲಿದ್ದ. ಕಂಡದ್ದನ್ನೆಲ್ಲ ಗೆಳೆಯನಿಗೆ ಪತ್ರಗಳಲ್ಲಿ ಬರೆದ. ಇಂಗ್ಲಿಷಿನಲ್ಲಿ ಈ ಪತ್ರಗಳು 17ನೆಯ ಶತಮಾನದಲ್ಲೇ ಬಂದಿವೆ. ಹಕ್ಲೂಟ್ ಸೊಸೈಟಿ 1892ರಲ್ಲಿ ಟಿಪ್ಪಣಿಗಳೊಂದಿಗೆ ತಂದ ಎರಡು ಸಂಪುಟಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಗೇರುಸೊಪ್ಪೆಯಿಂದ ಇಕ್ಕೇರಿಯವರೆಗಿನ ಪುಟಗಳನ್ನು ಉಪನ್ಯಾಸಕರು ಕನ್ನಡದಲ್ಲಿ ಸಂಗ್ರಹಿಸಿ ವಿದ್ಯಾರ್ಥಿಗಳ ಕೈಗೆ ಕೊಡುವುದು ಒಳ್ಳೆಯದು.

ಎರಡನೆಯದಾಗಿ ಒಂದು ನಕ್ಷೆ ಬೇಕು. ಮೇಲೆ ಸಾಗರ, ಇಕ್ಕೇರಿ, ನಗರ, ಕವಲೇದುರ್ಗ. ಕೆಳಗೆ ಹೊನ್ನಾವರ, ಭಟ್ಕಳ, ಬಸ್ರೂರು, ಗಂಗೊಳ್ಳಿ, ಕಲ್ಯಾಣಪುರ, ಮಂಗಳೂರು. ನಡುವೆ ಘಟ್ಟದ ದಾರಿಗಳು. ಇದನ್ನು ವಿದ್ಯಾರ್ಥಿಗಳೇ ಬರೆಯಲಿ. ಮೆಣಸು ಮತ್ತು ಅಕ್ಕಿ ಇಳಿಯುತ್ತಿದ್ದ ದಾರಿ ಯಾವುದು, ಕುದುರೆ ಮತ್ತು ರಾಯಭಾರಿಗಳು ಹತ್ತುತ್ತಿದ್ದ ದಾರಿ ಯಾವುದು ಎಂದು ಗುರುತು ಮಾಡಿಕೊಂಡರೆ ಮುಂದಿನ ಒಪ್ಪಂದಗಳೆಲ್ಲ ತಾವಾಗಿ ಅರ್ಥವಾಗುತ್ತವೆ. ಗೋವೆಯ ಪೋರ್ಚುಗೀಸರಿಗೆ ಕೆನರಾದ, ಅಂದರೆ ಈ ಕರಾವಳಿಯ, ಅಕ್ಕಿ ಇಲ್ಲದೆ ಊಟವೇ ನಡೆಯುತ್ತಿರಲಿಲ್ಲ. ಇಕ್ಕೇರಿಯ ಅರಸನ ಮಾತಿಗೆ ಅಷ್ಟು ತೂಕ ಬಂದದ್ದು ಇದರಿಂದ.

ಕಾಲದ ಆಯ್ಕೆ ಸುಲಭ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಭಾಗದ ಮಳೆ ದೊಡ್ಡ ಗುಂಪಿನ ಓಡಾಟಕ್ಕೆ ತಕ್ಕುದಲ್ಲ. ಕೋಟೆಯ ಕಲ್ಲುಗಳು ಪಾಚಿಗಟ್ಟಿ ಜಾರುತ್ತವೆ, ಉಂಬಳದ ಕಾಟ ಬೇರೆ. ನವೆಂಬರ್‌ನಿಂದ ಫೆಬ್ರವರಿವರೆಗಿನ ದಿನಗಳು ಒಳ್ಳೆಯವು. ರೋಮಿನ ಪ್ರವಾಸಿ ಬಂದದ್ದೂ ನವೆಂಬರಿನಲ್ಲೇ. ಆತ ಕಂಡ ಹಸಿರನ್ನೇ ಕಾಣಬೇಕೆಂದಿದ್ದರೆ ಆ ತಿಂಗಳನ್ನೇ ಆರಿಸಿಕೊಳ್ಳಬಹುದು. ಬೆಂಗಳೂರು, ಮೈಸೂರು ಕಡೆಯವರಿಗೆ ತಾಳಗುಪ್ಪದ ರಾತ್ರಿ ರೈಲು ಅನುಕೂಲ. ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದರೆ ಬೆಳಗ್ಗೆಯೇ ಕೆಲಸ ಶುರು ಮಾಡಬಹುದು. ಆದರೆ ಮೂರೂ ತಾಲ್ಲೂಕುಗಳನ್ನು ಸುತ್ತಲು ಸ್ವಂತ ಬಸ್ ಗೊತ್ತುಮಾಡಿಕೊಳ್ಳುವುದೇ ಸರಿ. ನಗರ ಮತ್ತು ಕವಲೇದುರ್ಗದ ಕಡೆ ಹೊತ್ತಿಗೆ ಸರಿಯಾಗಿ ಬಸ್ ಸಿಗುತ್ತದೆಂದು ನೆಚ್ಚಿಕೊಳ್ಳಲಾಗದು.

ಮೊದಲ ದಿನ: ಕೆಳದಿ, ಇಕ್ಕೇರಿ

ಸಾಗರದಿಂದ ಕೆಲವೇ ಕಿಲೋಮೀಟರ್ ದೂರದ ಕೆಳದಿಯಲ್ಲಿ ರಾಮೇಶ್ವರ ಮತ್ತು ವೀರಭದ್ರ ದೇವಸ್ಥಾನಗಳಿವೆ. ಛಾವಣಿಯಲ್ಲಿ ಕೆತ್ತಿದ ಗಂಡಭೇರುಂಡವನ್ನು ಎಲ್ಲರೂ ನೋಡುತ್ತಾರೆ. ಅದಕ್ಕಿಂತ ಹೆಚ್ಚು ಹೊತ್ತು ಮೀಸಲಿಡಬೇಕಾದದ್ದು ಪಕ್ಕದ ವಸ್ತುಸಂಗ್ರಹಾಲಯಕ್ಕೆ. ಇತಿಹಾಸಕಾರ ಕೆಳದಿ ಗುಂಡಾ ಜೋಯಿಸರು ಜೀವಮಾನವಿಡೀ ಕೂಡಿಹಾಕಿದ ತಾಳೆಗರಿ, ಕಾಗದ ಪತ್ರ, ನಾಣ್ಯಗಳು ಇಲ್ಲಿವೆ. ಸಂಸ್ಥೆ ಈಗ ಕುವೆಂಪು ವಿಶ್ವವಿದ್ಯಾಲಯದ ಅಧೀನದಲ್ಲಿದೆ. ಚರಿತ್ರೆ ಯಾವ ವಸ್ತುಗಳಿಂದ ಬರೆಯಲ್ಪಡುತ್ತದೆ ಎಂಬುದನ್ನು ಕಣ್ಣಾರೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಈ ಮಾರ್ಗದಲ್ಲಿ ಇಲ್ಲ. ಮುಂಚಿತವಾಗಿ ಪತ್ರ ಬರೆದು ಸಮಯ ಗೊತ್ತುಮಾಡಿಕೊಳ್ಳಬೇಕು.

ಮಧ್ಯಾಹ್ನ ಇಕ್ಕೇರಿ. ಸಾಗರದ ದಕ್ಷಿಣಕ್ಕೆ ಸುಮಾರು 6 ಕಿ.ಮೀ. ದೂರದ ಈ ಊರಿನಲ್ಲಿ ರಾಜಧಾನಿಯ ಗುರುತಾಗಿ ಉಳಿದಿರುವುದು ಮುಖ್ಯವಾಗಿ ಅಘೋರೇಶ್ವರ ದೇವಸ್ಥಾನ. ಕಲ್ಲಿನ ಈ ದೊಡ್ಡ ಗುಡಿಯ ಒಳಗೆ, ನೆಲದ ಮೇಲೆ, ಕೆಳದಿಯ ಮೂವರು ನಾಯಕರು ದೇವರಿಗೆ ಅಡ್ಡಬಿದ್ದಿರುವ ಉಬ್ಬುಶಿಲ್ಪಗಳಿವೆ. ತಲೆಯ ಮೇಲೆ ಹೆಸರು ಕೆತ್ತಿದೆ. ಅವರಲ್ಲಿ ಹುಚ್ಚ ಸೋಮಶೇಖರ ನಾಯಕನ ಕೈಕಾಲುಗಳಿಗೆ ಬೇಡಿ ಇದೆ. ತುಳಿದುಕೊಂಡು ಹೋಗುವ ಅವಸರದಲ್ಲಿ ಬಹಳ ಜನರಿಗೆ ಇದು ಕಾಣುವುದೇ ಇಲ್ಲ. ವಿದ್ಯಾರ್ಥಿಗಳು ಕುಳಿತು ನೋಡಲಿ, ಹೆಸರುಗಳನ್ನು ಓದಲು ಪ್ರಯತ್ನಿಸಲಿ.

ಆನಂತರ ಹೊರಗೆ ಹುಲ್ಲಿನ ಮೇಲೆ ಕುಳಿತು ಪತ್ರಗಳನ್ನು ಓದುವುದು. ದೆಲ್ಲಾ ವಾಲ್ಲೆ ಕಂಡಾಗ ಇಲ್ಲಿ ವೆಂಕಟಪ್ಪ ನಾಯಕ ಆಳುತ್ತಿದ್ದ. ಊರು ಬಯಲಿನಲ್ಲಿತ್ತು. ಒಂದರೊಳಗೊಂದು ಮೂರು ಆವರಣಗಳಿದ್ದವು. ಅವುಗಳಲ್ಲಿ ಎರಡಕ್ಕೆ ಗೋಡೆಯೇ ಇರಲಿಲ್ಲ, ಒತ್ತಾಗಿ ಬೆಳೆಸಿದ ಎತ್ತರದ ಬಿದಿರೇ ಕೋಟೆಯಾಗಿತ್ತು. ಬೀದಿಯಲ್ಲಿ ಹೆಂಗಸರು ಬಣ್ಣದ ಕೋಲು ಹಿಡಿದು ಸುತ್ತುಗಟ್ಟಿ ಕುಣಿಯುತ್ತಿದ್ದುದನ್ನು ಆತ ಮೆಚ್ಚಿ ವರ್ಣಿಸಿದ್ದಾನೆ. ಪೋರ್ಚುಗೀಸ್ ರಾಯಭಾರಿ ಬಂದದ್ದು ಮಂಗಳೂರಿನ ಬಂಗ ಅರಸನ ವಿಷಯಕ್ಕೆ. ವೆಂಕಟಪ್ಪ ಆ ಅರಸನನ್ನು ಸೋಲಿಸಿದ್ದ, ಅವನು ಪೋರ್ಚುಗೀಸರ ಆಸರೆ ಬೇಡಿದ್ದ. ಗೋವೆಯ ವೈಸ್‌ರಾಯ್ ಇಕ್ಕೇರಿಯವರೆಗೆ ಜನ ಕಳುಹಿಸಿ ಮಾತಾಡಿಸಬೇಕಾಯಿತು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಸಮುದ್ರದ ಮೇಲೆ ಪೋರ್ಚುಗೀಸರು ಎಷ್ಟೇ ಬಲಶಾಲಿಗಳಾಗಿದ್ದರೂ ಘಟ್ಟದ ಮೇಲೆ ಅವರ ಆಟ ನಡೆಯಲಿಲ್ಲ.

ಇಕ್ಕೇರಿಗೆ ಬರುವ ದಾರಿಯ ಒಂದು ಪ್ರಸಂಗವನ್ನು ವಿದ್ಯಾರ್ಥಿಗಳ ಮುಂದೆ ಓದಿ ಹೇಳಲೇಬೇಕು. ಘಟ್ಟ ಹತ್ತಿದ ಮೇಲೆ ಗೋವರ್ಧನಗಿರಿಯ ದೇವಸ್ಥಾನದ ಜಗಲಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ದೆಲ್ಲಾ ವಾಲ್ಲೆ ಕಂಡ. ಒಬ್ಬ ರಾಗವಾಗಿ ಮಗ್ಗಿ ಹೇಳುತ್ತ ನೆಲದ ಮೇಲೆ ಹರಡಿದ ನಯವಾದ ಮರಳಿನಲ್ಲಿ ಬೆರಳಿನಿಂದ ಅಂಕಿ ಬರೆಯುತ್ತಿದ್ದ, ಉಳಿದವರು ಅದನ್ನೇ ಹೇಳಿ ಬರೆಯುತ್ತಿದ್ದರು. ನೆಲ ತುಂಬಿದಾಗ ಅಳಿಸಿ ಹೊಸ ಮರಳು ಹರಡುತ್ತಿದ್ದರು. ಮೇಷ್ಟ್ರಿಲ್ಲದೆ ತಪ್ಪಿದರೆ ತಿದ್ದುವವರು ಯಾರು ಎಂದು ಆತ ಕೇಳಿದಾಗ, ನಾಲ್ವರೂ ಒಂದೇ ಕಡೆ ತಪ್ಪುವುದು ಸಾಧ್ಯವಿಲ್ಲವಲ್ಲ ಎಂದು ಹುಡುಗರು ಉತ್ತರ ಕೊಟ್ಟರಂತೆ. ಈ ವಿಧಾನ ಸುಲಭ, ಗಟ್ಟಿ ಎಂದು ಆತ ಮೆಚ್ಚಿಕೊಂಡ. ಮಲೆನಾಡಿನ ಕಲಿಕೆಯ ಬಗ್ಗೆ ಇಷ್ಟು ಹತ್ತಿರದಿಂದ ಬರೆದ ಬೇರೆ ಹಳೆಯ ದಾಖಲೆ ಸಿಗುವುದು ಕಷ್ಟ. ಇದು ಒಬ್ಬ ಕಥೋಲಿಕ ಪ್ರವಾಸಿಯ ಪತ್ರದಲ್ಲಿ ಉಳಿದು ಬಂದಿದೆ ಎಂಬುದೇ ಈ ಪ್ರವಾಸಕ್ಕೆ ಸಾಕಷ್ಟು ಕಾರಣ.

ಇನ್ನೊಂದು ಪ್ರಸಂಗ ಕಾಲೇಜು ವಿದ್ಯಾರ್ಥಿಗಳಿಗೆ. ಇಕ್ಕೇರಿಯ ಬೀದಿಯಲ್ಲಿ ಆತ ಸಹಗಮನಕ್ಕೆ ಸಿದ್ಧಳಾದ ಹೆಂಗಸೊಬ್ಬಳನ್ನು ಕಂಡ. ಆಕೆ ಮುಖ ತೆರೆದುಕೊಂಡು ಕುದುರೆಯ ಮೇಲೆ ಕುಳಿತಿದ್ದಳು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು. ಮುಂದೆ ಆಕೆಯ ಮನೆಗೇ ಹೋಗಿ ಮಾತಾಡಿಸಿದ. ಹೆಸರನ್ನು ತನ್ನ ಇಟಾಲಿಯನ್ ಕಿವಿಗೆ ಕೇಳಿಸಿದಂತೆ ಬರೆದುಕೊಂಡಿದ್ದಾನೆ, ಜಕ್ಕಮ್ಮ ಎಂದಿರಬೇಕು. ಗಂಡ ನಗಾರಿ ಬಾರಿಸುವವನಾಗಿದ್ದ. ಬೇಡವೆಂದು ಆತ ಹೇಳಿನೋಡಿದ, ಆಕೆ ಒಪ್ಪಲಿಲ್ಲ. ಅರಸರ ವಂಶಾವಳಿಗಳಲ್ಲಿ ಎಲ್ಲಿಯೂ ಬಾರದ ಒಬ್ಬ ಸಾಮಾನ್ಯ ಹೆಂಗಸಿನ ಹೆಸರು ಹೀಗೆ ನಾಲ್ಕು ನೂರು ವರ್ಷ ಉಳಿದಿದೆ. ಹೊರಗಿನವನ ಕಣ್ಣು ಏನನ್ನು ಕಾಣುತ್ತದೆ, ಏನನ್ನು ತಪ್ಪಾಗಿ ಕಾಣುತ್ತದೆ ಎಂಬ ಚರ್ಚೆಗೆ ಇದು ತಕ್ಕ ಜಾಗ. ದೇವಾಲಯಗಳ ಬಗ್ಗೆ ಬರೆಯುವಾಗ ಆತನ ಧರ್ಮದ ಪೂರ್ವಗ್ರಹ ಅಲ್ಲಲ್ಲಿ ಮುಖ ತೋರಿಸುತ್ತದೆ. ಅದನ್ನು ಮುಚ್ಚಿಡದೆ ವಿದ್ಯಾರ್ಥಿಗಳಿಗೆ ತೋರಿಸಬೇಕು.

ಎರಡನೆಯ ದಿನ: ಬಿದನೂರು

ಬಿಜಾಪುರದ ಸೇನೆ 1630ರ ದಶಕದ ಕೊನೆಗೆ ಇಕ್ಕೇರಿಯನ್ನು ಹಾಳುಗೆಡವಿದ ಮೇಲೆ ವೀರಭದ್ರ ನಾಯಕ ರಾಜಧಾನಿಯನ್ನು ಬಿದನೂರಿಗೆ ಸಾಗಿಸಿದ. ಸುತ್ತಲೂ ಕಾಡು ಮತ್ತು ಗುಡ್ಡ, ಕೆಳಗೆ ಇಳಿದರೆ ಕುಂದಾಪುರದ ಕರಾವಳಿ. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕ ಇದನ್ನು ದೊಡ್ಡ ಪಟ್ಟಣವಾಗಿ ಬೆಳೆಸಿದ. ಹೊಸನಗರದಿಂದ ಸುಮಾರು 17 ಕಿ.ಮೀ. ದೂರದ ನಗರದಲ್ಲಿ ಈಗ ಕಂದಕ, ಬುರುಜು, ದರ್ಬಾರಿನ ಜಗಲಿ, ಕೊಳಗಳು ಉಳಿದಿವೆ. ಹತ್ತಿರದ ಬಸವನಬ್ಯಾಣದ ದೇವಗಂಗೆಯಲ್ಲಿ ಬೇರೆ ಬೇರೆ ಆಕಾರದ ಕಲ್ಲಿನ ಕೊಳಗಳಿಗೆ ನೀರು ಹಾಯುವ ವ್ಯವಸ್ಥೆ ಇನ್ನೂ ಕಣ್ಣಿಗೆ ಕಾಣುತ್ತದೆ. ಊಟ ಮತ್ತು ವಿಶ್ರಾಂತಿಗೆ ಅದು ಒಳ್ಳೆಯ ಜಾಗ, ಆದರೆ ಕೊಳಕ್ಕೆ ಇಳಿಯಕೂಡದು.

ಕೋಟೆಯ ಒಳಗೆ ಹೇಳಬೇಕಾದ ಕಥೆಗೆ ಮೂರು ಘಟ್ಟಗಳಿವೆ. ಮೊದಲನೆಯದು ಶಿವಪ್ಪ ನಾಯಕನದು. 1652ರಿಂದ 1654ರ ಒಳಗೆ ಆತ ಬಸ್ರೂರು, ಗಂಗೊಳ್ಳಿ, ಹೊನ್ನಾವರ, ಮಂಗಳೂರುಗಳಲ್ಲಿದ್ದ ಪೋರ್ಚುಗೀಸ್ ಕೋಟೆಗಳನ್ನು ಕಿತ್ತುಕೊಂಡ. ಕೋಟೆ ಹೋದರೂ ಕ್ರೈಸ್ತರು ಉಳಿದರು. ಇನ್‌ಕ್ವಿಸಿಷನ್ನಿನ (ಚರ್ಚಿನ ಧರ್ಮವಿಚಾರಣೆಯ) ಹೆದರಿಕೆ, ಯುದ್ಧ, ಬರಗಳಿಂದ ಗೋವೆ ಬಿಟ್ಟು ಬಂದ ಕೊಂಕಣಿ ಕಥೋಲಿಕರು ಒಳ್ಳೆಯ ಬೇಸಾಯಗಾರರಾಗಿದ್ದರು. ಕಾಡು ಕಡಿದು ಗದ್ದೆ ಮಾಡುವವರು ಅರಸನಿಗೂ ಬೇಕಾಗಿದ್ದರು. ಶಿವಪ್ಪ ನಾಯಕನ ಶಿಸ್ತು, ಅಂದರೆ ಭೂಮಿ ಅಳೆದು ಕಂದಾಯ ಗೊತ್ತುಮಾಡಿದ ಕ್ರಮ, ಇಂಥ ಒಕ್ಕಲುತನವನ್ನೇ ನೆಚ್ಚಿಕೊಂಡಿತ್ತು.

ಎರಡನೆಯದು ಒಪ್ಪಂದಗಳ ಕಾಲ. 1671ರಲ್ಲಿ, ಮತ್ತೆ 1678ರಲ್ಲಿ ಬಿದನೂರು ಮತ್ತು ಗೋವೆ ಒಪ್ಪಂದ ಮಾಡಿಕೊಂಡವು. 1678ರದ್ದರಲ್ಲಿ ಮಿರ್ಜಾನ್, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಅನುಮತಿ ಸಿಕ್ಕಿತು. ಅದು ಚೆನ್ನಮ್ಮಾಜಿ ಆಳುತ್ತಿದ್ದ ಕಾಲ. 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೇನೆಯನ್ನು ಎದುರಿಸಿದವಳೆಂದು ಎಲ್ಲ ಪಠ್ಯಪುಸ್ತಕಗಳೂ ಅವಳನ್ನು ನೆನೆಯುತ್ತವೆ. ಅವಳ ರಾಜ್ಯದ ಕರಾವಳಿಯಲ್ಲೇ 1681ರಿಂದ 1684ರವರೆಗೆ ಗೋವೆಯ ಪಾದ್ರಿ ಜೋಸೆಫ್ ವಾಜ್ ಅವರು ಮಂಗಳೂರು, ಬಸ್ರೂರು, ಗಂಗೊಳ್ಳಿ, ಕುಂದಾಪುರಗಳ ನಡುವೆ ಓಡಾಡಿ ಸೇವೆ ಮಾಡಿದರು ಎಂಬುದನ್ನು ಪಠ್ಯಪುಸ್ತಕ ಹೇಳುವುದಿಲ್ಲ. ಆಮೇಲೆ ಅವರು ಸಿಂಹಳಕ್ಕೆ ಹೋದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ವೀರಶೈವ ರಾಣಿಯೊಬ್ಬಳ ನಾಡಿನಲ್ಲಿ ಕಥೋಲಿಕ ಸಂತನೊಬ್ಬ ದುಡಿದ ಈ ಸಂಗತಿ ಎರಡೂ ಸಮುದಾಯಗಳ ಮಕ್ಕಳಿಗೆ ಗೊತ್ತಿರಬೇಕಾದದ್ದು. 1714ರಲ್ಲಿ ಇನ್ನೊಂದು ಒಪ್ಪಂದವಾಯಿತು; ಅದರ ಹಿಂದಿನ ವರ್ಷ ಪೋರ್ಚುಗೀಸ್ ಹಡಗುಗಳು ಕರಾವಳಿಯ ಬಂದರುಗಳನ್ನು ಸುಟ್ಟಿದ್ದವು. ಒಪ್ಪಂದಗಳ ಹಿಂದೆ ಫಿರಂಗಿಯ ಬೆದರಿಕೆಯೂ ಇತ್ತು ಎಂಬುದನ್ನು ಬಿಟ್ಟು ಹೇಳಿದರೆ ಪಾಠ ಅಪೂರ್ಣ.

ಮೂರನೆಯದು ದುಃಖದ ಅಧ್ಯಾಯ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರ್‌ನಗರ ಎಂದು ಹೆಸರಿಟ್ಟ. ಅದರೊಂದಿಗೆ ಕರಾವಳಿಯ ಕ್ರೈಸ್ತರೂ ಅವನ ಪ್ರಜೆಗಳಾದರು. 1783ರ ಜನವರಿಯಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಹೊಸಂಗಡಿ ಘಟ್ಟ ಹತ್ತಿ ನಗರವನ್ನು ಹಿಡಿದ. ಕೆಲವೇ ತಿಂಗಳಲ್ಲಿ ಟಿಪ್ಪು ಸುಲ್ತಾನ್ ಮುತ್ತಿಗೆ ಹಾಕಿ ಅದನ್ನು ಮರಳಿ ಪಡೆದ. ಮ್ಯಾಥ್ಯೂಸ್ ಸೆರೆಯಲ್ಲಿ ಸತ್ತ. ಕರಾವಳಿಯ ಕಥೋಲಿಕರು ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ 1784ರಲ್ಲಿ ಅವರನ್ನು ಕುಟುಂಬ ಸಮೇತ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು, ಇಗರ್ಜಿಗಳನ್ನು ಕೆಡವಲಾಯಿತು. ಸೆರೆಯಾದವರ ಸಂಖ್ಯೆ 30,000ದಿಂದ 80,000ದವರೆಗೆ ಮೂಲದಿಂದ ಮೂಲಕ್ಕೆ ಬೇರೆಯಾಗಿದೆ. ದಾರಿಯಲ್ಲೂ ಸೆರೆಯಲ್ಲೂ ಬಹಳ ಜನ ಸತ್ತರು. ಉಳಿದವರು 1799ರ ನಂತರ ಊರಿಗೆ ಮರಳಿದರು. ತಪ್ಪಿಸಿಕೊಂಡ ಕೆಲವರಿಗೆ ಕೊಡಗಿನ ವಿರಾಜಪೇಟೆಯಲ್ಲಿ ಆಶ್ರಯ ಸಿಕ್ಕಿತು. ಇದನ್ನು ಹೇಳುವಾಗ ಉಪನ್ಯಾಸಕರು ಇಂದಿನ ರಾಜಕೀಯದ ಜಗಳವನ್ನು ಕೋಟೆಯೊಳಕ್ಕೆ ತರದಿರುವುದು ಒಳ್ಳೆಯದು. ಯುದ್ಧ, ಅನುಮಾನ, ಸಾಮೂಹಿಕ ಶಿಕ್ಷೆ ಇವು ಹೇಗೆ ಒಂದರ ಹಿಂದೊಂದು ಬಂದವು ಎಂದು ಕಾಲಾನುಕ್ರಮದಲ್ಲಿ ಹೇಳಿದರೆ ಸಾಕು.

ಮೂರನೆಯ ದಿನ: ಕವಲೇದುರ್ಗ ಮತ್ತು ಇಂದಿನ ಚರ್ಚ್‌ಗಳು

ಕವಲೇದುರ್ಗಕ್ಕೆ ಕಥೋಲಿಕ ಚರಿತ್ರೆಯ ನೇರ ನಂಟಿಲ್ಲ. ಹಾಗಿದ್ದರೂ ಬಿಡಬಾರದು. ತೀರ್ಥಹಳ್ಳಿಯಿಂದ ಸುಮಾರು 18 ಕಿ.ಮೀ. ದೂರದ ಈ ಬೆಟ್ಟದಲ್ಲಿ ಗದ್ದೆಯ ಬದಿಯಿಂದ ಹತ್ತುವ ಕಲ್ಲುಹಾದಿ, ಒಂದಾದ ಮೇಲೊಂದು ಹೆಬ್ಬಾಗಿಲು, ಕೊಳಗಳು, ಕಾಶಿ ವಿಶ್ವನಾಥ ದೇವಸ್ಥಾನ, ಅರಮನೆಯ ಅಡಿಪಾಯ ಇವೆ. ಅಡುಗೆಮನೆಯ ಕಲ್ಲಿನ ಒಲೆ ಇನ್ನೂ ಹಾಗೆಯೇ ಇದೆ. ಗೋವೆಯ ವೈಸ್‌ರಾಯ್‌ಗಳು ಎದುರಿಸಬೇಕಾಗಿದ್ದ ರಾಜ್ಯ ಎಂಥದೆಂದು ಇದನ್ನು ಹತ್ತಿದವರಿಗೆ ಗೊತ್ತಾಗುತ್ತದೆ. ಬೆಳಗ್ಗೆ ಬೇಗ ಹತ್ತಬೇಕು, ನೀರು ಹೊತ್ತುಕೊಂಡೇ ಹೋಗಬೇಕು. ಮೇಲೆ ಅಂಗಡಿ ಇಲ್ಲ.

ಮಧ್ಯಾಹ್ನದ ನಂತರ ತೀರ್ಥಹಳ್ಳಿಯ ಚರ್ಚ್‌ಗೆ ಭೇಟಿ ಕೊಡಬಹುದು. ಸಮಯ ಹೊಂದದಿದ್ದರೆ ಮೊದಲ ದಿನವೇ ಸಾಗರದ ಚರ್ಚ್ ನೋಡಬಹುದು. ಮಲೆನಾಡಿನ ಇಂದಿನ ಕಥೋಲಿಕರಲ್ಲಿ ಬಹಳ ಮಂದಿ ಕರಾವಳಿಯಿಂದ ತೋಟದ ಕೆಲಸ, ಬೇಸಾಯ, ವ್ಯಾಪಾರಕ್ಕೆಂದು ಘಟ್ಟ ಹತ್ತಿದ ಕುಟುಂಬಗಳವರು. ಮನೆಯಲ್ಲಿ ಕೊಂಕಣಿ, ಪೂಜೆಯಲ್ಲಿ ಕನ್ನಡ ಎಂಬ ರೂಢಿ ಸಾಮಾನ್ಯ. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಲ್ಯಾಟಿನ್ ಬದಲು ಆಯಾ ನಾಡಿನ ಭಾಷೆಗೆ ದಾರಿ ತೆರೆದ ಮೇಲೆ ಈ ಕನ್ನಡ ಪೂಜೆ ಬಂತು. ಸೆಪ್ಟೆಂಬರ್ 8ರ ತೆನೆ ಹಬ್ಬದಲ್ಲಿ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೆ ಒಯ್ಯುವ ಕ್ರಮವನ್ನು ಹಿರಿಯರಿಂದ ಕೇಳಿಸಿದರೆ ವಿದ್ಯಾರ್ಥಿಗಳಿಗೆ ಗದ್ದೆ ಮತ್ತು ಗುಡಿಯ ಸಂಬಂಧ ಗೊತ್ತಾಗುತ್ತದೆ. ಚರ್ಚ್‌ಗಳಲ್ಲಿ ಸ್ನಾನದೀಕ್ಷೆ, ಮದುವೆ, ಮರಣದ ದಾಖಲೆ ಪುಸ್ತಕಗಳಿರುತ್ತವೆ. ಇವು ಕುಟುಂಬಗಳ ಖಾಸಗಿ ವಿವರಗಳು. ಚರ್ಚಿನ ಗುರುಗಳ ಒಪ್ಪಿಗೆ ಇಲ್ಲದೆ ಕೇಳಬಾರದು, ಫೋಟೊ ತೆಗೆಯಲೇಬಾರದು.

ನಡವಳಿಕೆಯ ವಿಷಯ ಮೊದಲೇ ತಿಳಿಸಿರಬೇಕು. ಅಘೋರೇಶ್ವರ, ರಾಮೇಶ್ವರ ಗುಡಿಗಳಲ್ಲಿ ನಿತ್ಯಪೂಜೆ ಇದೆ. ಚಪ್ಪಲಿ ಹೊರಗೆ, ಗರ್ಭಗುಡಿಯ ಚಿತ್ರ ಬೇಡ. ಬಲಿಪೂಜೆಯ ಹೊತ್ತಿಗೆ ಚರ್ಚ್ ಹೊಕ್ಕರೆ ಹಿಂದಿನ ಬೆಂಚಿನಲ್ಲಿ ಕೂರಬಹುದು, ಎಲ್ಲರೂ ನಿಂತಾಗ ನಿಲ್ಲಬಹುದು. ಪರಮಪ್ರಸಾದ ಸ್ವೀಕರಿಸುವುದು ಕಥೋಲಿಕರಿಗೆ ಮಾತ್ರ. ಇಕ್ಕೇರಿಯ ದೇವಸ್ಥಾನ, ನಗರದ ಕೋಟೆ ಸಂರಕ್ಷಿತ ಸ್ಮಾರಕಗಳಾದ್ದರಿಂದ ಕಲ್ಲಿನ ಮೇಲೆ ಗೀಚುವುದು, ಅನುಮತಿಯಿಲ್ಲದೆ ಡ್ರೋನ್ ಹಾರಿಸುವುದು ಅಪರಾಧ.

ಮರಳುವ ದಾರಿ ಶಿವಮೊಗ್ಗದ ಮೂಲಕವಾದರೆ ಶಿವಪ್ಪ ನಾಯಕ ಅರಮನೆಯ ವಸ್ತುಸಂಗ್ರಹಾಲಯವನ್ನೂ ಸೇಕ್ರೆಡ್ ಹಾರ್ಟ್ ಕೆಥೆಡ್ರಲನ್ನೂ ನೋಡಬಹುದು. ಶಿವಮೊಗ್ಗ ಧರ್ಮಕ್ಷೇತ್ರ 1988ರಲ್ಲಿ ಚಿಕ್ಕಮಗಳೂರಿನಿಂದ ಬೇರ್ಪಟ್ಟು ಹುಟ್ಟಿತು. ಒಂದು ದಿನ ಹೆಚ್ಚು ಕೈಯಲ್ಲಿದ್ದರೆ ನಗರದಿಂದ ಹುಲಿಕಲ್ ಘಾಟಿ ಇಳಿದು ಗಂಗೊಳ್ಳಿ, ಬಸ್ರೂರುಗಳನ್ನು ಸೇರಿಸಿಕೊಳ್ಳಬಹುದು. ಖರ್ಚು ಕಡಿಮೆ ಮಾಡಬೇಕೆಂದು ಒಂದು ದಿನ ಕಳೆಯುವುದಾದರೆ ಕವಲೇದುರ್ಗವನ್ನು ಬಿಡಲಿ, ನಗರವನ್ನು ಮಾತ್ರ ಬಿಡದಿರಲಿ.